ಜಮೀನಿನ ಜಮಾ-ಖರ್ಚು: ಪೋಷಕಾಂಶ ಮತ್ತು ಶಕ್ತಿಯ ಹರಿವನ್ನು ಲೆಕ್ಕ ಹಾಕುವ ಬಗೆ



ಬೆಳೆಯ ಖರ್ಚು-ವೆಚ್ಚವನ್ನು ಬರೆದಿಡುವ ರೈತರು ಈಗ ಅನೇಕರಿದ್ದಾರೆ. ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಆಳುಗಳ ಕೂಲಿ ಎಷ್ಟು, ಮಾರಿದ ಕಾಳಿಗೆ ಬಂದದ್ದು ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯ ರೂಢಿ. ಆದರೆ ಈ ಪುಸ್ತಕದಲ್ಲಿ ರೂಪಾಯಿ ಮಾತ್ರ ಕಾಣುತ್ತದೆ. ಹೊಲದಿಂದ ಹೊರಗೆ ಹೋದ ಸಾರಜನಕ ಎಷ್ಟು, ಕೊಟ್ಟಿಗೆಯ ನೆಲದಲ್ಲಿ ಇಂಗಿಹೋದ ಪೊಟ್ಯಾಷ್ ಎಷ್ಟು, ಒಂದು ಚೀಲ ಯೂರಿಯಾದ ಹಿಂದೆ ಸುಟ್ಟ ಇಂಧನ ಎಷ್ಟು ಎಂಬುದು ಕಾಣುವುದಿಲ್ಲ. ಹಣದ ಲೆಕ್ಕದಲ್ಲಿ ಲಾಭ ತೋರಿಸುತ್ತಿರುವ ಜಮೀನು ಸಾರದ ಲೆಕ್ಕದಲ್ಲಿ ಪ್ರತಿ ವರ್ಷ ಸಾಲ ಮಾಡುತ್ತಿರಬಹುದು. ಆ ಸಾಲವನ್ನು ಕೊಡುತ್ತಿರುವುದು ನಿಮ್ಮ ಮಣ್ಣು. ಅದು ನೋಟೀಸು ಕಳಿಸುವುದಿಲ್ಲ. ಕೊಡುವುದಕ್ಕೆ ಏನೂ ಉಳಿಯದಿದ್ದಾಗ ಸುಮ್ಮನೆ ಇಳುವರಿ ಇಳಿಸುತ್ತದೆ.

ಆದುದರಿಂದ ಹಣದ ಪುಸ್ತಕದ ಜೊತೆಗೆ ವಸ್ತುವಿನ ಪುಸ್ತಕವೊಂದನ್ನು ಇಡುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಸಲಾಗಿದೆ. ಇದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್, ತೂಕದ ಒಂದು ತಕ್ಕಡಿ ಮತ್ತು ಕೂಡುವ-ಕಳೆಯುವ ಲೆಕ್ಕ, ಇಷ್ಟೇ.

ತತ್ವ ಒಂದೇ

ಈ ಲೆಕ್ಕದ ಆಧಾರ ಬಹಳ ಸರಳವಾದುದು. ವಸ್ತು ಎಲ್ಲಿಂದಲೋ ಹುಟ್ಟುವುದಿಲ್ಲ, ಎಲ್ಲಿಯೂ ಮಾಯವಾಗುವುದಿಲ್ಲ. ಹೊಲಕ್ಕೆ ಬಂದ ಪೋಷಕಾಂಶ ಒಂದೋ ಬೆಳೆಯಲ್ಲಿರಬೇಕು, ಇಲ್ಲವೇ ಮಣ್ಣಿನಲ್ಲಿರಬೇಕು, ಇಲ್ಲವೇ ಗಾಳಿಗೆ ಅಥವಾ ನೀರಿಗೆ ಹೋಗಿರಬೇಕು. ಬಂದದ್ದಕ್ಕಿಂತ ಹೋದದ್ದು ಹೆಚ್ಚಾದರೆ ವ್ಯತ್ಯಾಸವನ್ನು ಮಣ್ಣು ಭರಿಸಿದೆ ಎಂದೇ ಅರ್ಥ.

ಹೀಗೆ ಲೆಕ್ಕ ಹಾಕುವುದು ಹೊಸದೇನಲ್ಲ. ಫ್ರಾನ್ಸ್ ದೇಶದ ಬೂಸಿಂಗೋ ಎಂಬ ವಿಜ್ಞಾನಿ 1830ರ ದಶಕದಲ್ಲಿ ಅಲ್ಸಾಸ್ ಪ್ರಾಂತದ ತನ್ನ ಜಮೀನಿನಲ್ಲಿ ಹಾಕಿದ ಗೊಬ್ಬರವನ್ನೂ ಕೊಯ್ದ ಬೆಳೆಯನ್ನೂ ತೂಗಿ, ಎರಡನ್ನೂ ರಾಸಾಯನಿಕವಾಗಿ ಪರೀಕ್ಷಿಸಿ ಜಮಾ-ಖರ್ಚು ಬರೆದನು. ದ್ವಿದಳ ಬೆಳೆ ಸೇರಿದ ಸರದಿಗಳಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಸಾರಜನಕ ಕೊಯ್ಲಿನಲ್ಲಿ ಸಿಕ್ಕಿದ್ದು ಅವನ ಲೆಕ್ಕದಿಂದಲೇ ತಿಳಿಯಿತು. ಅದಕ್ಕೆ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳೇ ಕಾರಣವೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ತೋರಿಸಿದ್ದು 1886ರಲ್ಲಿ. ಕಾರಣ ತಿಳಿಯುವುದಕ್ಕೆ ಎಷ್ಟೋ ಮೊದಲು ಲೆಕ್ಕದ ಪುಸ್ತಕ ವಿಷಯವನ್ನು ಹೇಳಿತ್ತು ಎಂಬುದನ್ನು ಗಮನಿಸಿರಿ.

ನಕ್ಷೆ ಬರೆಯುವ ಕ್ರಮ

ಮೊದಲು ಹಾಳೆಯ ಮೇಲೆ ನಿಮ್ಮ ಜಮೀನಿನ ಸುತ್ತ ಒಂದು ದೊಡ್ಡ ಗೆರೆ ಎಳೆಯಿರಿ. ಇದು ನಿಮ್ಮ ಲೆಕ್ಕದ ಎಲ್ಲೆ. ಇದರೊಳಗೆ ನಾಲ್ಕು ಚೌಕ ಬರೆಯಿರಿ: ಹೊಲ, ಕೊಟ್ಟಿಗೆ, ತಿಪ್ಪೆ, ಮನೆ. ಎಲ್ಲೆಯ ಹೊರಗೆ ಎರಡು ಚೌಕ: ಪೇಟೆ ಮತ್ತು ಗಾಳಿ-ನೀರು.

ಈಗ ಬಾಣದ ಗುರುತು ಹಾಕಿರಿ. ಪೇಟೆಯಿಂದ ಹೊಲಕ್ಕೆ ರಸಗೊಬ್ಬರ. ಪೇಟೆಯಿಂದ ಕೊಟ್ಟಿಗೆಗೆ ಹಿಂಡಿ, ಬೂಸಾ. ಹೊಲದಿಂದ ಪೇಟೆಗೆ ಕಾಳು. ಹೊಲದಿಂದ ಕೊಟ್ಟಿಗೆಗೆ ದಂಟು, ಹಸಿಮೇವು. ಕೊಟ್ಟಿಗೆಯಿಂದ ಪೇಟೆಗೆ ಹಾಲು. ಕೊಟ್ಟಿಗೆಯಿಂದ ತಿಪ್ಪೆಗೆ ಸಗಣಿ. ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ. ಬೆರಣಿ ತಟ್ಟುವ ಮನೆಯಾದರೆ ಸಗಣಿಯ ಇನ್ನೊಂದು ಬಾಣ ಮನೆಯ ಒಲೆಗೆ. ಪ್ರತಿ ಬಾಣದ ಮೇಲೆ ವರ್ಷಕ್ಕೆ ಎಷ್ಟು ಕ್ವಿಂಟಾಲ್, ಎಷ್ಟು ಲೀಟರ್ ಎಂದು ಬರೆಯಿರಿ. ತಿಳಿಯದಿದ್ದರೆ ಒಂದು ಹೊರೆಯನ್ನು ತೂಗಿ ಹೊರೆಗಳ ಸಂಖ್ಯೆಯಿಂದ ಗುಣಿಸಿರಿ. ಸಗಣಿಯನ್ನು ವಾರಕ್ಕೊಂದು ದಿನ ತೂಗಿದರೆ ಸಾಕು.

ಎಲ್ಲೆಯನ್ನು ದಾಟುವ ಬಾಣಗಳೇ ನಿಮ್ಮ ಜಮಾ ಮತ್ತು ಖರ್ಚು. ಒಳಗೇ ತಿರುಗುವ ಬಾಣಗಳು ನಿಮ್ಮ ಕೈಯಲ್ಲಿರುವ ಬಂಡವಾಳ. ಈ ಒಳಗಿನ ಬಾಣಗಳಲ್ಲಿ ಎಲ್ಲಿ ಸೋರಿಕೆಯಿದೆ ಎಂದು ಕಂಡುಹಿಡಿಯುವುದೇ ನಕ್ಷೆಯ ಮುಖ್ಯ ಉಪಯೋಗ.

ಒಂದು ಉದಾಹರಣೆ

ಲೆಕ್ಕ ತಿಳಿಯಲು ಹಾವೇರಿ-ದಾವಣಗೆರೆ ಕಡೆಯ ಮಳೆಯಾಶ್ರಿತ ಮೆಕ್ಕೆಜೋಳದ ಜಮೀನೊಂದನ್ನು ಕಲ್ಪಿಸಿಕೊಳ್ಳೋಣ. ಜಮೀನು 4 ಎಕರೆ. ಎಕರೆಗೆ 20 ಕ್ವಿಂಟಾಲಿನಂತೆ 80 ಕ್ವಿಂಟಾಲ್ ಕಾಳು, ಅಷ್ಟೇ ತೂಕದ ಒಣ ದಂಟು. ಎರಡು ಹಸು, ಒಂದು ಜೊತೆ ಎತ್ತು. ರಸಗೊಬ್ಬರವೆಂದರೆ ಎಕರೆಗೆ ಬಿತ್ತನೆಯಲ್ಲಿ ಒಂದು ಚೀಲ ಡಿ.ಎ.ಪಿ., ಮೇಲುಗೊಬ್ಬರವಾಗಿ ಒಂದು ಚೀಲ ಯೂರಿಯಾ. ಪೊಟ್ಯಾಷ್ ಹಾಕುವ ರೂಢಿ ಇಲ್ಲ.

ಜಮೆಯ ಕಡೆ: ಡಿ.ಎ.ಪಿ.ಯಲ್ಲಿ ನೂರಕ್ಕೆ 18 ಭಾಗ ಸಾರಜನಕ, 46 ಭಾಗ ರಂಜಕ. 50 ಕಿಲೋದ 4 ಚೀಲದಿಂದ 36 ಕಿಲೋ ಸಾರಜನಕ, 92 ಕಿಲೋ ರಂಜಕ ಬಂದವು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಈಗಿನ 45 ಕಿಲೋದ 4 ಚೀಲದಿಂದ ಸುಮಾರು 83 ಕಿಲೋ. ಒಟ್ಟು ಸಾರಜನಕ 119, ರಂಜಕ 92, ಪೊಟ್ಯಾಷ್ ಸೊನ್ನೆ. (ರಂಜಕ, ಪೊಟ್ಯಾಷ್‌ಗಳನ್ನು ಚೀಲದ ಮೇಲೆ ನಮೂದಿಸುವ ರೂಪದಲ್ಲಿಯೇ ಇಲ್ಲಿ ಎಣಿಸಿದೆ.)

ಖರ್ಚಿನ ಕಡೆ: ಮೆಕ್ಕೆಜೋಳದ ಒಂದು ಕ್ವಿಂಟಾಲ್ ಕಾಳಿನಲ್ಲಿ ಸುಮಾರು ಒಂದೂವರೆ ಕಿಲೋ ಸಾರಜನಕ, 600 ಗ್ರಾಂ ರಂಜಕ, 400 ಗ್ರಾಂ ಪೊಟ್ಯಾಷ್ ಇರುತ್ತವೆ. ಒಂದು ಕ್ವಿಂಟಾಲ್ ಒಣ ದಂಟಿನಲ್ಲಿ ಸುಮಾರು ಅರ್ಧ ಕಿಲೋ ಸಾರಜನಕ, 200 ಗ್ರಾಂ ರಂಜಕ ಮತ್ತು 1 ಕಿಲೋ 400 ಗ್ರಾಂ ಪೊಟ್ಯಾಷ್. ಹಾಗಾದರೆ ಬೆಳೆ ಮಣ್ಣಿನಿಂದ ಎತ್ತಿದ್ದು ಹೀಗಾಗುತ್ತದೆ:

80 ಕ್ವಿಂಟಾಲ್ ಕಾಳಿನಲ್ಲಿ: ಸಾರಜನಕ 120, ರಂಜಕ 48, ಪೊಟ್ಯಾಷ್ 32 ಕಿಲೋ.
80 ಕ್ವಿಂಟಾಲ್ ದಂಟಿನಲ್ಲಿ: ಸಾರಜನಕ 40, ರಂಜಕ 16, ಪೊಟ್ಯಾಷ್ 112 ಕಿಲೋ.
ಒಟ್ಟು: ಸಾರಜನಕ 160, ರಂಜಕ 64, ಪೊಟ್ಯಾಷ್ 144 ಕಿಲೋ.

ಈ ಅಂಕಿಗಳನ್ನು ನಿಧಾನವಾಗಿ ನೋಡಿರಿ. ಸಾರಜನಕ ಮತ್ತು ರಂಜಕದ ಹೆಚ್ಚಿನ ಪಾಲು ಕಾಳಿನಲ್ಲಿದೆ. ಪೊಟ್ಯಾಷ್ ಮಾತ್ರ ತದ್ವಿರುದ್ಧ. ಅದರ ನಾಲ್ಕು ಪಾಲಿನಲ್ಲಿ ಮೂರು ಪಾಲಿಗೂ ಹೆಚ್ಚು ದಂಟಿನಲ್ಲಿದೆ. ಹಣದ ಪುಸ್ತಕದಲ್ಲಿ ಕಾಳೇ ಎಲ್ಲ, ದಂಟಿಗೆ ಕಾಸಿನ ಕಿಮ್ಮತ್ತು. ಪೊಟ್ಯಾಷ್ ಪುಸ್ತಕದಲ್ಲಿ ದಂಟೇ ಯಜಮಾನ.

ಮೂರು ದಾರಿ, ಮೂರು ಫಲ

ಇದೇ ಜಮೀನಿನಲ್ಲಿ ದಂಟು ಮೂರು ದಾರಿ ಹಿಡಿಯಬಹುದು.

ಮೊದಲನೆಯ ದಾರಿ: ದಂಟನ್ನೆಲ್ಲ ಮಾರುವುದು. ಆಗ ಬೆಳೆ ಎತ್ತಿದ್ದೆಲ್ಲ ಎಲ್ಲೆ ದಾಟಿ ಹೋಯಿತು. ಸಾರಜನಕದಲ್ಲಿ 41 ಕಿಲೋ ಕೊರತೆ, ರಂಜಕದಲ್ಲಿ 28 ಕಿಲೋ ಉಳಿತಾಯ, ಪೊಟ್ಯಾಷ್‌ನಲ್ಲಿ 144 ಕಿಲೋ ಕೊರತೆ. ಈ ಪೊಟ್ಯಾಷ್ ತುಂಬಲು ನೂರಕ್ಕೆ 60 ಭಾಗದ ಮ್ಯೂರಿಯೇಟ್ ಆಫ್ ಪೊಟ್ಯಾಷ್ 240 ಕಿಲೋ, ಎಂದರೆ ಸುಮಾರು ಐದು ಚೀಲ ಬೇಕು. ದಂಟನ್ನು ಹೊಲದಲ್ಲೇ ಸುಟ್ಟರೆ ಪೊಟ್ಯಾಷ್ ಬೂದಿಯಲ್ಲಿ ಉಳಿಯುವುದೇನೋ ನಿಜ. ಆದರೆ ರಾಶಿ ಹಾಕಿ ಸುಟ್ಟ ಜಾಗದಲ್ಲೇ ಅದು ಬೀಳುತ್ತದೆ, ಗಾಳಿಗೆ ಹಾರುತ್ತದೆ, ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ. ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗುತ್ತದೆ. ಮಣ್ಣಿಗೆ ಸೇರಬೇಕಾದ ಸಾವಯವ ವಸ್ತುವೂ ಹೋಗುತ್ತದೆ.

ಎರಡನೆಯ ದಾರಿ: ದಂಟನ್ನು ದನಗಳಿಗೆ ಹಾಕಿ, ಸಗಣಿಯನ್ನು ಬಯಲು ತಿಪ್ಪೆಗೆ ಒಟ್ಟುವುದು, ಗಂಜಲವನ್ನು ಮಣ್ಣು ನೆಲದಲ್ಲಿ ಇಂಗಲು ಬಿಡುವುದು. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ದಾರಿ ಇದೇ. 80 ಕ್ವಿಂಟಾಲ್ ದಂಟು ಎಂದರೆ ನಾಲ್ಕು ದನಗಳಿಗೆ ವರ್ಷವಿಡೀ ದಿನಕ್ಕೆ ತಲಾ ಸುಮಾರು ಐದೂವರೆ ಕಿಲೋ. ದನ ತಿಂದ ಪೋಷಕಾಂಶದಲ್ಲಿ ಅದರ ಮೈಯಲ್ಲಿ ನಿಲ್ಲುವುದು ಅಲ್ಪ. ವರ್ಷಕ್ಕೆ 2,000 ಲೀಟರ್ ಹಾಲು ಮಾರಿದರೆ ಅದರೊಡನೆ ಹೋಗುವುದು ಸುಮಾರು 10 ಕಿಲೋ ಸಾರಜನಕ, 4 ಕಿಲೋ ರಂಜಕ, 4 ಕಿಲೋ ಪೊಟ್ಯಾಷ್ ಮಾತ್ರ. ಉಳಿದದ್ದೆಲ್ಲ ಹಿಂಬದಿಯಿಂದ ಹೊರಗೆ ಬರಲೇಬೇಕು. ದಂಟಿನ 112 ಕಿಲೋ ಪೊಟ್ಯಾಷ್‌ನಲ್ಲಿ 108 ಕಿಲೋ ಹೀಗೆ ವಾಪಸು ಬರುತ್ತದೆ. ಆದರೆ ಬರುವುದು ಎಲ್ಲಿ? ರಂಜಕ ಬಹುಮಟ್ಟಿಗೆ ಸಗಣಿಯಲ್ಲಿ. ಪೊಟ್ಯಾಷ್‌ನ ಹೆಚ್ಚಿನ ಪಾಲು ಗಂಜಲದಲ್ಲಿ. ಸಾರಜನಕ ಹೆಚ್ಚುಕಡಿಮೆ ಅರ್ಧ-ಅರ್ಧ.

ಗಂಜಲದ ಪಾಲನ್ನು ಮೂರರಲ್ಲಿ ಎರಡು ಎಂದು ಹಿಡಿದರೂ 72 ಕಿಲೋ ಪೊಟ್ಯಾಷ್ ಕೊಟ್ಟಿಗೆಯ ನೆಲಕ್ಕೆ ಹೋಯಿತು. ಕಾಳು, ಹಾಲು ಸೇರಿಸಿದರೆ ಕೊರತೆ 108 ಕಿಲೋ. ಸಾರಜನಕದಲ್ಲಿ ಗಂಜಲದ 15 ಕಿಲೋ ಇಂಗಿತು. ಬಿಸಿಲು-ಮಳೆಗೆ ಬಿದ್ದ ತಿಪ್ಪೆಯಿಂದ ಸಗಣಿಯ ಸಾರಜನಕದಲ್ಲಿ ಅರ್ಧ, ಎಂದರೆ 7 ಕಿಲೋ, ಹಾರಿತು ಎಂದಿಟ್ಟುಕೊಳ್ಳಿ. ಸಾರಜನಕದ ಕೊರತೆ 33 ಕಿಲೋ. ದಂಟು ಮಾರಿದವನಿಗಿಂತ ಈ ರೈತ ಬಹಳವೇನೂ ಮೇಲಾಗಲಿಲ್ಲ. ದನ ಸಾಕಿದ್ದಾನೆ, ತಿಪ್ಪೆ ಹಾಕಿದ್ದಾನೆ, ಆದರೂ ಪೊಟ್ಯಾಷ್‌ನ ಮುಕ್ಕಾಲು ಪಾಲು ಕೊರತೆ ಹಾಗೆಯೇ ಉಳಿಯಿತು.

ಮೂರನೆಯ ದಾರಿ: ದಂಟನ್ನು ದನಗಳಿಗೆ ಹಾಕಿ, ಗಂಜಲವನ್ನೂ ಹಿಡಿದು, ಗೊಬ್ಬರವನ್ನು ಗುಂಡಿಯಲ್ಲಿ ನೆರಳಿನಡಿ ಕಳಿಸಿ ಹೊಲಕ್ಕೆ ಒಯ್ಯುವುದು. ಆಗ ಎಲ್ಲೆ ದಾಟುವುದು ಕಾಳು ಮತ್ತು ಹಾಲು ಮಾತ್ರ. ಪೊಟ್ಯಾಷ್ ಕೊರತೆ 36 ಕಿಲೋ, ಎಂದರೆ ನಾಲ್ಕು ಎಕರೆಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಒಂದು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಗೊಬ್ಬರ ಮಾಗುವಾಗ 8 ಕಿಲೋ ಹೋಯಿತೆಂದು ಬಿಟ್ಟರೂ ಸಾರಜನಕದ ಕೊರತೆ 19 ಕಿಲೋ. ರಂಜಕದಲ್ಲಿ 40 ಕಿಲೋ ಉಳಿತಾಯ.

ಮೂರು ದಾರಿಗಳಲ್ಲೂ ಬೆಳೆ ಒಂದೇ, ಕೊಂಡ ಗೊಬ್ಬರ ಒಂದೇ, ಮಳೆ ಒಂದೇ. ಪೊಟ್ಯಾಷ್ ಕೊರತೆ ಮಾತ್ರ 144, 108, 36. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವೆಲ್ಲ ಕೊಟ್ಟಿಗೆಯ ನೆಲದ ವ್ಯತ್ಯಾಸ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಬಹುತೇಕ ಹೊರದೇಶಗಳಿಂದ ಹಡಗಿನಲ್ಲಿ ಬರಬೇಕು. ಹಾಗೆ ಬಂದದ್ದನ್ನು ಕೊಳ್ಳುವ ಮೊದಲು ಕೊಟ್ಟಿಗೆಯಲ್ಲಿ ಇಂಗುವುದನ್ನು ನಿಲ್ಲಿಸುವುದು ಜಾಣತನ.

ಕೊರತೆ ಏಕೆ ಕೂಡಲೇ ಕಾಣುವುದಿಲ್ಲ?

‘ನಾನು ಇಪ್ಪತ್ತು ವರ್ಷದಿಂದ ಪೊಟ್ಯಾಷ್ ಹಾಕಿಲ್ಲ, ಬೆಳೆ ಬರುತ್ತಲೇ ಇದೆಯಲ್ಲ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಎರೆ ಭೂಮಿಯ ಜೇಡಿಯಲ್ಲಿ ಪೊಟ್ಯಾಷ್‌ನ ದೊಡ್ಡ ಠೇವಣಿ ಇರುತ್ತದೆ. ಬೆಳೆ ಎತ್ತಿದಂತೆಲ್ಲ ಜೇಡಿ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಮಸಾರಿ ಮತ್ತು ಕೆಂಪು ಮಣ್ಣಿನಲ್ಲಿ ಈ ಠೇವಣಿ ಕಡಿಮೆ. ಠೇವಣಿ ದೊಡ್ಡದಿದ್ದರೂ ಬಡ್ಡಿ ಬಿಟ್ಟು ಅಸಲಿಗೇ ಕೈಹಾಕುತ್ತಿದ್ದರೆ ಅದು ಮುಗಿಯಲೇಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಮಣ್ಣಿಗೂ ಸಲ್ಲುತ್ತದೆ.

ಇದು ಬರಿಯ ತರ್ಕವಲ್ಲ. ದೀರ್ಘಕಾಲದ ರಸಗೊಬ್ಬರ ಪ್ರಯೋಗಗಳು ನಮ್ಮ ದೇಶದಲ್ಲಿ 1970ರಿಂದ ನಡೆಯುತ್ತ ಬಂದಿವೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ರಾಗಿ-ಮೆಕ್ಕೆಜೋಳದ ಸರದಿಯಲ್ಲಿ ಇಂಥ ಪ್ರಯೋಗವಿದೆ. ಸಾರಜನಕವನ್ನು ಮಾತ್ರ ಕೊಟ್ಟ ತಾಕುಗಳಲ್ಲಿ ಇಳುವರಿ ಕುಸಿಯುತ್ತ ಹೋಯಿತು. ಮೂರು ಪೋಷಕಾಂಶಗಳ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟ ತಾಕುಗಳು ಇಳುವರಿಯನ್ನು ಕಾಯ್ದುಕೊಂಡವು. ಒಂದು ಪೋಷಕಾಂಶವನ್ನು ಮಾತ್ರ ಕೊಟ್ಟರೆ ಬೆಳೆ ಉಳಿದವನ್ನು ಮಣ್ಣಿನಿಂದಲೇ ಬೇಗಬೇಗ ಎತ್ತುತ್ತದೆ ಎಂಬುದು ಇದರ ಪಾಠ.

ನಕ್ಷೆಯಲ್ಲಿ ಬಿಟ್ಟುಹೋಗುವ ಸೋರಿಕೆಗಳು

ಮೇಲಿನ ಲೆಕ್ಕದಲ್ಲಿ ಹೊಲದಿಂದ ಗಾಳಿ-ನೀರಿಗೆ ಹೋಗುವ ಬಾಣವನ್ನು ಎಣಿಸಿಲ್ಲ. ಹಾಕಿದ ಯೂರಿಯಾ ಎಲ್ಲವೂ ಬೆಳೆಗೆ ಸೇರುವುದಿಲ್ಲ. ಮಣ್ಣಿನ ಮೇಲೆ ಎರಚಿ ಬಿಟ್ಟರೆ ಅಮೋನಿಯಾ ಆಗಿ ಹಾರುತ್ತದೆ; ಜೋರು ಮಳೆ ಬಂದರೆ ಬಸಿದು ಹೋಗುತ್ತದೆ. ಆದುದರಿಂದ ಸಾರಜನಕದ ನಿಜವಾದ ಕೊರತೆ ನಾವು ಕಂಡದ್ದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಇನ್ನೊಂದು ಸೋರಿಕೆ ಕೊಚ್ಚಿಹೋಗುವ ಮೇಲ್ಮಣ್ಣು. ಒಂದು ಎಕರೆಯ ಮೇಲೆ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಎಂದರೆ ಐದು ಟನ್ನಿಗೂ ಹೆಚ್ಚು ತೂಕ. ಮಣ್ಣಿನಲ್ಲಿ ನೂರಕ್ಕೆ 0.05 ಭಾಗ ಸಾರಜನಕವಿದ್ದರೆ ಎಕರೆಗೆ ಎರಡೂವರೆ ಕಿಲೋದಷ್ಟು, ನಾಲ್ಕು ಎಕರೆಗೆ ಹತ್ತು ಕಿಲೋ ಸಾರಜನಕ ಹಳ್ಳ ಸೇರಿತು. ಇದು ಅರ್ಧ ಚೀಲ ಯೂರಿಯಾಕ್ಕೆ ಸಮ. ಉಗುರಿನ ದಪ್ಪದಷ್ಟು ಮಣ್ಣು ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಬದು ಕಟ್ಟುವ ಕೂಲಿಯನ್ನು ಈ ಲೆಕ್ಕದೊಡನೆ ಹೋಲಿಸಿ ನೋಡಬೇಕು.

ಜಮೆಯ ಕಡೆಯಲ್ಲೂ ಬಿಟ್ಟುಹೋಗುವ ಬಾಣಗಳಿವೆ. ತೊಗರಿಯಂಥ ದ್ವಿದಳ ಬೆಳೆ ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿಯುತ್ತದೆ. ಅದರ ಉದುರೆಲೆ ಮಣ್ಣಿಗೆ ಸೇರುತ್ತದೆ. ಕೊಂಡು ತಂದ ಹಿಂಡಿಯೂ ಗೊಬ್ಬರವೇ. ಒಂದು ಕ್ವಿಂಟಾಲ್ ಶೇಂಗಾ ಹಿಂಡಿಯಲ್ಲಿ ಸುಮಾರು 7 ಕಿಲೋ ಸಾರಜನಕವಿದೆ. ಅದನ್ನು ಹಸು ತಿಂದ ಮೇಲೂ ಅದರ ಹೆಚ್ಚಿನ ಪಾಲು ಸಗಣಿ-ಗಂಜಲದಲ್ಲಿ ನಿಮ್ಮದಾಗುತ್ತದೆ, ಹಿಡಿದರೆ ಮಾತ್ರ.

ಶಕ್ತಿಯ ಲೆಕ್ಕ

ಪೋಷಕಾಂಶದಂತೆಯೇ ಶಕ್ತಿಗೂ ಜಮಾ-ಖರ್ಚು ಉಂಟು. ಆದರೆ ಒಂದು ವ್ಯತ್ಯಾಸವಿದೆ. ಪೋಷಕಾಂಶವನ್ನು ಮತ್ತೆ ಮತ್ತೆ ತಿರುಗಿಸಬಹುದು, ಶಕ್ತಿಯನ್ನು ತಿರುಗಿಸಲಾಗದು. ಡೀಸೆಲ್ ಒಮ್ಮೆ ಉರಿದರೆ ಮುಗಿಯಿತು, ಅದು ಬಿಸಿಯಾಗಿ ಹರಡಿಹೋಗುತ್ತದೆ. ಆದುದರಿಂದ ಇಲ್ಲಿ ಕೇಳಬೇಕಾದದ್ದು ಎಲ್ಲಿ ಎಷ್ಟು ಖರ್ಚಾಯಿತು, ಅದನ್ನು ತಗ್ಗಿಸಬಹುದೇ ಎಂಬುದು.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕುಮಾರ್ ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡದವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸೌದೆ, ಸೀಮೆಎಣ್ಣೆ, ವಿದ್ಯುತ್, ದನ ಮತ್ತು ಜನರ ದುಡಿಮೆ ಎಲ್ಲವನ್ನೂ ಅಳೆದು ಶಕ್ತಿಯ ಲೆಕ್ಕ ಬರೆದರು. ಆ ಕಾಲದಲ್ಲಿ ಹಳ್ಳಿಯ ಶಕ್ತಿಯ ಬಹುದೊಡ್ಡ ಪಾಲು ಸೌದೆಯೆಂದೂ, ಅದು ಮುಖ್ಯವಾಗಿ ಅಡುಗೆಯ ಒಲೆಗೆ ಹೋಗುತ್ತಿತ್ತೆಂದೂ ಕಂಡುಬಂತು. ಅಳೆಯುವ ತನಕ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಬಾಣವೇ ಎಲ್ಲಕ್ಕಿಂತ ದಪ್ಪ ಬಾಣವಾಗಿತ್ತು.

ನಮ್ಮ ನಾಲ್ಕು ಎಕರೆಗೆ ಇದೇ ರೀತಿ ಮಾಡೋಣ. ಎಲ್ಲವನ್ನೂ ಒಂದೇ ಅಳತೆಗೆ ತರಲು ಡೀಸೆಲ್ ಲೀಟರನ್ನು ಸೇರಾಗಿ ಹಿಡಿಯೋಣ. ಒಂದು ಲೀಟರ್ ಡೀಸೆಲ್‌ನಲ್ಲಿರುವ ಶಾಖ ಸುಮಾರು 8,600 ಕಿಲೋ ಕ್ಯಾಲೊರಿ. ಇದು 10 ಯೂನಿಟ್ ವಿದ್ಯುತ್ತಿಗೆ ಸಮ.

ಉಳುಮೆ, ಹರಗುವುದು, ಬಿತ್ತನೆಗೆ ಟ್ರ್ಯಾಕ್ಟರ್ ಎಕರೆಗೆ 12 ಲೀಟರ್ ಸುಟ್ಟಿತೆಂದರೆ ನಾಲ್ಕು ಎಕರೆಗೆ 48 ಲೀಟರ್. ಇದು ಕಣ್ಣಿಗೆ ಕಾಣುವ ಖರ್ಚು. ಇನ್ನು ಯೂರಿಯಾ. ಕಾರ್ಖಾನೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿಯಲು ನೈಸರ್ಗಿಕ ಅನಿಲ ಬೇಕು. ಒಂದು ಟನ್ ಯೂರಿಯಾಕ್ಕೆ ಸುಮಾರು 55 ಲಕ್ಷ ಕಿಲೋ ಕ್ಯಾಲೊರಿ ಶಕ್ತಿ ಹಿಡಿಯುತ್ತದೆ. ಆ ಲೆಕ್ಕದಲ್ಲಿ 45 ಕಿಲೋದ ಒಂದು ಚೀಲ ಸುಮಾರು 29 ಲೀಟರ್ ಡೀಸೆಲ್‌ಗೆ ಸಮ. ನಾಲ್ಕು ಚೀಲಕ್ಕೆ ಸುಮಾರು 115 ಲೀಟರ್. ಡಿ.ಎ.ಪಿ.ಯಲ್ಲಿರುವ ಸಾರಜನಕಕ್ಕೆ ಚೀಲಕ್ಕೆ ಸುಮಾರು 10 ಲೀಟರಿನಂತೆ 40 ಲೀಟರ್. ಒಟ್ಟು ಸುಮಾರು 200 ಲೀಟರ್. ಅದರಲ್ಲಿ ಮುಕ್ಕಾಲು ಪಾಲು ಗೊಬ್ಬರದ ಚೀಲದಲ್ಲಿದೆ, ಟ್ರ್ಯಾಕ್ಟರಿನಲ್ಲಲ್ಲ. ಬದುವಿನ ಮೇಲೆ ಇಟ್ಟ ಒಂದು ಚೀಲ ಯೂರಿಯಾ ಎರಡು ಎಕರೆಯ ಟ್ರ್ಯಾಕ್ಟರ್ ಕೆಲಸಕ್ಕಿಂತ ಹೆಚ್ಚು ಇಂಧನವನ್ನು ನುಂಗಿ ಬಂದಿದೆ.

ಬಂದದ್ದೆಷ್ಟು? ಒಂದು ಕಿಲೋ ಕಾಳಿನಲ್ಲಿ ಸುಮಾರು 3,500 ಕಿಲೋ ಕ್ಯಾಲೊರಿ. 80 ಕ್ವಿಂಟಾಲ್ ಕಾಳು ಸುಮಾರು 3,200 ಲೀಟರ್ ಡೀಸೆಲ್‌ಗೆ ಸಮ. ಹಾಕಿದ್ದಕ್ಕೆ ಹದಿನಾರು ಪಟ್ಟು. ಈ ಹೆಚ್ಚಳವೆಲ್ಲ ಸೂರ್ಯನ ದಾನ. ಮಳೆಯಾಶ್ರಿತ ಬೇಸಾಯ ಶಕ್ತಿಯ ಲೆಕ್ಕದಲ್ಲಿ ಎಷ್ಟು ಮಿತವ್ಯಯದ್ದು ಎಂಬುದು ಇದರಿಂದ ತಿಳಿಯುತ್ತದೆ.

ಕೊಳವೆ ಬಾವಿ ಬಂದರೆ ಲೆಕ್ಕ ಬದಲಾಗುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲೆ ನೀರು ಬೇಕು. ಇದನ್ನು 100 ಮೀಟರ್ ಆಳದಿಂದ ಎತ್ತಲು ಲೆಕ್ಕ ಪ್ರಕಾರ 28 ಯೂನಿಟ್ ಸಾಕು. ಆದರೆ ಮೋಟಾರು, ಪಂಪು, ಕೊಳವೆಗಳಲ್ಲಿ ನಷ್ಟವಾಗಿ ನೂರಕ್ಕೆ 35 ಭಾಗ ಮಾತ್ರ ನೀರಿಗೆ ದಕ್ಕಿತೆಂದರೆ 80 ಯೂನಿಟ್, ಎಂದರೆ 8 ಲೀಟರ್ ಡೀಸೆಲ್‌ಗೆ ಸಮ. ನಾಲ್ಕು ಎಕರೆಗೆ ಎರಡು ಅಂಗುಲದಂತೆ ಒಂದು ಸಲ ನೀರು ಹಾಯಿಸಲು 64 ಲೀಟರ್. ನೀರು 300 ಮೀಟರಿಗೆ ಇಳಿದರೆ ಅದೇ ಒಂದು ಸಲದ ನೀರಿಗೆ 192 ಲೀಟರ್, ಇಡೀ ಬೆಳೆಗೆ ಹಿಡಿದ ಉಳಿದೆಲ್ಲ ಇಂಧನದಷ್ಟು! ಪಂಪ್‌ಸೆಟ್ಟಿನ ವಿದ್ಯುತ್ತಿಗೆ ರೈತ ಬಿಲ್ಲು ಕಟ್ಟದಿದ್ದರೂ ಈ ಖರ್ಚು ಆಗಿಯೇ ಆಗುತ್ತದೆ. ಕಲ್ಲಿದ್ದಲಿನಿಂದ ವಿದ್ಯುತ್ ತಯಾರಾಗುವಲ್ಲಿ ಮೂರು ಪಾಲು ಶಾಖದಲ್ಲಿ ಸುಮಾರು ಎರಡು ಪಾಲು ವ್ಯರ್ಥವಾಗುವುದನ್ನು ಇಲ್ಲಿ ಎಣಿಸಿಯೇ ಇಲ್ಲ. ಒಂದು ಹದ ನೀರು ಉಳಿಸುವ ಹೊದಿಕೆ, ಕೃಷಿ ಹೊಂಡ, ಹನಿ ನೀರಾವರಿ ಇವುಗಳ ಬೆಲೆಯನ್ನು ಈ ಅಳತೆಯಲ್ಲಿ ನೋಡಬೇಕು.

ಸಗಣಿಯಲ್ಲಿ ಎರಡು ಸಂಪತ್ತು

ಸಗಣಿಯಲ್ಲಿ ಶಕ್ತಿಯೂ ಇದೆ, ಪೋಷಕಾಂಶವೂ ಇದೆ. ಬೆರಣಿ ತಟ್ಟಿ ಉರಿಸಿದರೆ ಶಕ್ತಿ ಸ್ವಲ್ಪ ಸಿಗುತ್ತದೆ, ಸಾರಜನಕ ಹೊಗೆಯಾಗಿ ಹೋಗುತ್ತದೆ. ನೇರವಾಗಿ ತಿಪ್ಪೆಗೆ ಹಾಕಿದರೆ ಪೋಷಕಾಂಶ ಸಿಗುತ್ತದೆ, ಶಕ್ತಿ ತಿಪ್ಪೆಯ ಬಿಸಿಯಾಗಿ ಹೋಗುತ್ತದೆ. ಎರಡನ್ನೂ ಬೇರ್ಪಡಿಸಿ ಎರಡನ್ನೂ ಪಡೆಯುವ ಸಾಧನ ಗೋಬರ್ ಅನಿಲ ಸ್ಥಾವರ. ಉರಿಯುವ ಮೀಥೇನ್ ಅನಿಲದಲ್ಲಿರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲೇ ಉಳಿಯುತ್ತವೆ.

ನಮ್ಮ ನಾಲ್ಕು ದನಗಳಿಂದ ದಿನಕ್ಕೆ 40 ಕಿಲೋ ಸಗಣಿ ಸಿಕ್ಕರೆ ಕಿಲೋಗೆ 40 ಲೀಟರಿನಂತೆ ಒಂದೂವರೆ ಘನ ಮೀಟರಿಗೂ ಹೆಚ್ಚು ಅನಿಲ ಬರುತ್ತದೆ. ಐದಾರು ಜನರ ಮನೆಗೆ ಅಡುಗೆಗೆ ಇದು ಸಾಕು. ವರ್ಷದ ಲೆಕ್ಕದಲ್ಲಿ ಇದು ಸುಮಾರು 300 ಲೀಟರ್ ಡೀಸೆಲ್‌ಗೆ ಸಮ. ನಾಲ್ಕು ಎಕರೆಯ ಬೆಳೆಗೆ ಹಿಡಿದ 200 ಲೀಟರಿಗಿಂತ ಇದು ಹೆಚ್ಚು. ಬಗ್ಗಡವನ್ನು ಬಿಸಿಲಿನಲ್ಲಿ ಒಣಗಿಸಬಾರದು. ಒಣಗಿಸಿದರೆ ಸಾರಜನಕ ಹಾರುತ್ತದೆ. ಗುಂಡಿಯಲ್ಲಿ ಒಣ ಕಸಕಡ್ಡಿಯ ಮೇಲೆ ಹರಿಸಿ ಕಳಿಸಬೇಕು, ಇಲ್ಲವೇ ನೀರಿನೊಡನೆ ನೇರವಾಗಿ ಬೆಳೆಗೆ ಹಾಯಿಸಬೇಕು.

ಲೆಕ್ಕದ ಮಿತಿ

ಇಲ್ಲಿ ಕೊಟ್ಟ ಅಂಕಿಗಳು ಸರಾಸರಿಯವು. ತಳಿ, ಮಣ್ಣು, ಹವೆ ಬದಲಾದಂತೆ ಅವು ಬದಲಾಗುತ್ತವೆ. ಈ ನಕ್ಷೆ ವರ್ಷದ ಹೆಚ್ಚು-ಕಡಿಮೆಯನ್ನು ಹೇಳುತ್ತದೆ. ನಿಮ್ಮ ಮಣ್ಣಿನಲ್ಲಿರುವ ಠೇವಣಿ ಎಷ್ಟೆಂದು ಹೇಳುವುದಿಲ್ಲ. ಅದನ್ನು ಹೇಳುವುದು ಮಣ್ಣು ಪರೀಕ್ಷೆ. ಎರಡೂ ಕೂಡಿಯೇ ಇರಬೇಕು. ಉದಾಹರಣೆಗೆ, ನಕ್ಷೆಯಲ್ಲಿ ರಂಜಕ ಉಳಿತಾಯ ತೋರಿದ ಮಾತ್ರಕ್ಕೆ ಡಿ.ಎ.ಪಿ. ನಿಲ್ಲಿಸಬಾರದು. ಕೆಂಪು ಮಣ್ಣಿನಲ್ಲೂ ಸುಣ್ಣದಂಶವಿರುವ ಎರೆಯಲ್ಲೂ ರಂಜಕ ಮಣ್ಣಿಗೆ ಬಿಗಿದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ರಂಜಕ ಹೆಚ್ಚೆಂದು ಬಂದರೆ ಮಾತ್ರ ಶಿಫಾರಸಿನಂತೆ ಒಂದೆರಡು ಚೀಲ ಇಳಿಸಿ, ಆ ಹಣದಲ್ಲಿ ಪೊಟ್ಯಾಷ್ ತರಬಹುದು. ಡಿ.ಎ.ಪಿ. ಇಳಿಸಿದಾಗ ಚೀಲಕ್ಕೆ 9 ಕಿಲೋ ಸಾರಜನಕವೂ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ಈ ವರ್ಷ ಮಾಡಬೇಕಾದದ್ದು

1. ಹಾಳೆಯ ಮೇಲೆ ನಿಮ್ಮ ಜಮೀನಿನ ನಕ್ಷೆ ಬರೆದು ಸುಗ್ಗಿಯಿಂದ ಸುಗ್ಗಿಗೆ ಬಾಣಗಳ ತೂಕ ತುಂಬಿರಿ. ಮೊದಲ ವರ್ಷ ಪೊಟ್ಯಾಷ್ ಮತ್ತು ಸಾರಜನಕ ಎರಡನ್ನೇ ಲೆಕ್ಕ ಹಾಕಿದರೂ ಸಾಕು.

2. ದಂಟನ್ನು ಸುಡಬೇಡಿರಿ. ಕತ್ತರಿಸಿ ಹಾಕಿದರೆ ದನ ಬಿಡುವುದು ಕಡಿಮೆ. ಬಿಟ್ಟ ತುಂಡುಗಳನ್ನೂ ಒಣ ಕಸವನ್ನೂ ರಾತ್ರಿ ದನಗಳ ಕೆಳಗೆ ಹರಡಿರಿ. ಅದು ಗಂಜಲವನ್ನು ಹೀರುತ್ತದೆ. ಬೆಳಗ್ಗೆ ಸಗಣಿಯೊಡನೆ ಗುಂಡಿಗೆ ಹಾಕಿರಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

3. ಕೈಯಲ್ಲಿ ಹಣವಿದ್ದಾಗ ಕೊಟ್ಟಿಗೆಗೆ ಚಪ್ಪಡಿ ಅಥವಾ ಸಿಮೆಂಟಿನ ನೆಲ, ಇಳಿಜಾರಿನಲ್ಲಿ ಒಂದು ಕಾಲುವೆ, ಅದರ ಕೊನೆಗೆ ಒಂದು ಸಣ್ಣ ತೊಟ್ಟಿ ಮಾಡಿಸಿರಿ.

4. ಬಯಲು ತಿಪ್ಪೆಯ ಬದಲು ಗುಂಡಿ ತೆಗೆದು, ನೆರಳು ಮಾಡಿ, ತುಂಬಿದ ಮೇಲೆ ಮಣ್ಣು-ಸಗಣಿಯಿಂದ ಮೆತ್ತಿರಿ.

5. ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿರಿ. ಯೂರಿಯಾವನ್ನು ಕಂತಿನಲ್ಲಿ, ಹಸಿ ಇರುವಾಗ, ಸಾಲಿನ ಪಕ್ಕ ಹಾಕಿ ಎಡೆಕುಂಟೆಯಿಂದ ಮಣ್ಣು ಮುಚ್ಚಿರಿ.

6. ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ನಕ್ಷೆಯೊಡನೆ ಹೋಲಿಸಿರಿ. ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ದೊರೆಯುತ್ತದೆ.

ಕಾಳು ಮಾರಲೇಬೇಕು, ಹಾಲು ಮಾರಲೇಬೇಕು. ಅವುಗಳೊಡನೆ ಸ್ವಲ್ಪ ಸಾರ ಊರು ಬಿಟ್ಟು ಹೋಗಲೇಬೇಕು. ಅದನ್ನು ಕೊಂಡು ತುಂಬುವುದು ನ್ಯಾಯವಾದ ಖರ್ಚು. ಆದರೆ ಯಾರೂ ಕೊಳ್ಳದೆ, ಯಾರಿಗೂ ಉಪಯೋಗವಾಗದೆ, ಕೊಟ್ಟಿಗೆಯಲ್ಲಿ ಇಂಗುವ, ತಿಪ್ಪೆಯಲ್ಲಿ ಹಾರುವ, ಹಳ್ಳದಲ್ಲಿ ಹರಿಯುವ ಸಾರಕ್ಕೆ ಮತ್ತೆ ಅಂಗಡಿಯಲ್ಲಿ ಹಣ ಕೊಡುವುದು ದಂಡ. ಯಾವುದು ಖರ್ಚು, ಯಾವುದು ದಂಡ ಎಂಬುದನ್ನು ಈ ಹಾಳೆ ನಿಮಗೆ ಬೇರೆಬೇರೆಯಾಗಿ ತೋರಿಸಿಕೊಡುತ್ತದೆ.